ಮೀನಿನ ಬಳಿಗೆ ಹೋಗುವ ಕನಸು

ಯಾದಗಿರಿ, ಶಹಾಪುರ, ಸುರಪುರಗಳ ಬಿಸಿಲಿನಲ್ಲಿ ಕುಳಿತು ಭೂಪಟ ಬಿಡಿಸಿ, ನ್ಯೂಜಿಲೆಂಡಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವ ಪ್ರವಾಸವನ್ನು ಯೋಜಿಸುವ ವಿದ್ಯಾರ್ಥಿಯನ್ನು ಕಂಡು ಹಿರಿಯರು ನಗಬಹುದು. ಕೈಯಲ್ಲಿ ಕಾಸಿಲ್ಲದವನಿಗೆ ಕಡಲಾಚೆಯ ಮೀನಿನ ಚಿಂತೆಯೇಕೆಂದು ಕೇಳಬಹುದು. ನಾವು ಹಾಗೆ ಕೇಳಲಾರೆವು. ಇಂಥ ಕನಸನ್ನು ಶ್ರದ್ಧೆಯಿಂದ ಕಾಣುವವನು ತನಗರಿವಿಲ್ಲದೆಯೇ ವಿಜ್ಞಾನದ ಬಾಗಿಲನ್ನು ತಟ್ಟಿರುತ್ತಾನೆ.

ಈ ಕ್ರೀಡೆಯ ಬಗೆಯನ್ನೇ ನೋಡೋಣ. ಎರೆಹುಳು ಸಿಕ್ಕಿಸಿದ ಸಾಮಾನ್ಯ ಗಾಳವನ್ನು ಎಸೆಯುವಾಗ ಅದಕ್ಕೆ ಕಟ್ಟಿದ ಸೀಸದ ಗುಂಡೇ ದಾರವನ್ನು ಎಳೆದೊಯ್ಯುತ್ತದೆ. ಟ್ರೌಟ್ ಹಿಡಿಯುವವರಾದರೋ ಗಾಳಕ್ಕೆ ಗರಿ, ಕೂದಲುಗಳನ್ನು ಸುತ್ತಿ ಕೃತಕ ಕೀಟವೊಂದನ್ನು ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲವೆನ್ನಬಹುದು. ಆದಕಾರಣ ದಾರವನ್ನೇ ಭಾರವಾಗಿಸಿ, ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಹಾರಿಸುತ್ತಾರೆ. ಮೀನು ಮೋಸಹೋಗಬೇಕಾದರೆ ಆ ಹೊತ್ತಿನಲ್ಲಿ ನೀರಿನ ಮೇಲೆ ಯಾವ ಕೀಟ ಹಾರಾಡುತ್ತಿದೆಯೆಂದು ತಿಳಿದಿರಬೇಕು. ಮೇಫ್ಲೈ ಎಂಬ ಕೀಟವು ನೀರೊಳಗಿನ ಕಲ್ಲುಗಳಡಿಯಲ್ಲಿ ಮರಿಯಾಗಿ ತಿಂಗಳುಗಟ್ಟಲೆ ಬೆಳೆದು, ರೆಕ್ಕೆ ಬಂದ ಬಳಿಕ ಕೆಲವು ತಾಸು, ಹೆಚ್ಚೆಂದರೆ ಕೆಲವು ದಿನ ಮಾತ್ರ ಬದುಕುತ್ತದೆ. ಗಾಳಗಾರನು ಅರ್ಧ ಕೀಟಶಾಸ್ತ್ರಜ್ಞನೇ ಸರಿ.

ಟ್ರೌಟ್ ನಮ್ಮ ಭೀಮೆಯಲ್ಲಿ ಏಕೆ ಬಾಳಲಾರದು? ಒಂದು ಲೀಟರು ನೀರಿನಲ್ಲಿ ೧೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ೧೧ ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು. ೩೦ ಡಿಗ್ರಿಯಲ್ಲಿ ಸುಮಾರು ೭.೫ ಮಿಲಿಗ್ರಾಂ ಮಾತ್ರ. ಆದರೆ ನೀರು ಬೆಚ್ಚಗಾದಷ್ಟೂ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದಾಯ ಕುಗ್ಗಿ ವೆಚ್ಚ ಬೆಳೆದ ಸಂಸಾರದಂತೆ, ಶೀತಲ ಜಲದ ಈ ಮೀನು ಅಲ್ಲಿ ಉಳಿಯದು. ಮೀನು ತನ್ನ ನೀರಿಗೆ ಸೇರಿದ್ದು. ಅದನ್ನು ಬಯಸುವವನು ಅದಿರುವಲ್ಲಿಗೆ ಹೋಗಬೇಕು.

ಹಿಂದಿನವರು ಇದಕ್ಕೆ ವಿರುದ್ಧವಾಗಿ ನಡೆದರು. ತವರಿನ ಹೊಳೆಯನ್ನು ಮರೆಯಲಾರದ ಆಂಗ್ಲರು ೧೮೬೪ರಲ್ಲಿ ಟ್ರೌಟಿನ ಮೊಟ್ಟೆಗಳನ್ನು ಮಂಜುಗಡ್ಡೆಯ ನಡುವೆ ಇಟ್ಟು ಹಡಗಿನಲ್ಲಿ ಟಾಸ್ಮೇನಿಯಕ್ಕೆ ಒಯ್ದರು. ೧೮೬೭ರಲ್ಲಿ ಅಲ್ಲಿಂದ ನ್ಯೂಜಿಲೆಂಡಿಗೂ ಸಾಗಿಸಿದರು. ಇಂದು ನಮ್ಮ ವಿದ್ಯಾರ್ಥಿ ಕನಸು ಕಾಣುವ ಮೀನು ಅಲ್ಲಿಯ ಮೂಲನಿವಾಸಿಯೇ ಅಲ್ಲ! ಅದರ ಹಾವಳಿಯಿಂದ ಅಲ್ಲಿಯ ಸಣ್ಣ ದೇಶೀಯ ಮೀನುಗಳು ಎಷ್ಟೋ ಹೊಳೆಗಳಿಂದ ಕಾಣೆಯಾದವು.

ಇದು ಪರದೇಶದ ಮಾತೆಂದು ತಳ್ಳುವಂತಿಲ್ಲ. ಸೈಕ್ಸ್ ಎಂಬ ಸೇನಾಧಿಕಾರಿ ೧೮೩೯ರಲ್ಲಿ ದಖ್ಖನಿನ ಮಹಶೀರ್ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಿಂದ. ಆ ನೀರು ಭೀಮೆಯನ್ನು ಸೇರಿ, ಯಾದಗಿರಿಯನ್ನು ಹಾದು ಕೃಷ್ಣೆಗೆ ಹೋಗುತ್ತದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಈ ಜಾತಿಯ ಮರಿಗಳನ್ನು ಸಾಕಿ ಕಾವೇರಿಗೆ ಬಿಡಲಾಯಿತು. ಬಂದ ಮೀನು ಹೆಚ್ಚಿತು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಗ್ಗಿತು. ಅಣೆಕಟ್ಟು, ಸಿಡಿಮದ್ದುಗಳ ಪಾಲೂ ಅದರಲ್ಲಿ ಇಲ್ಲದಿಲ್ಲ. ೨೦೧೮ರಲ್ಲಿ ಆ ಮೀನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಸದುದ್ದೇಶವೂ ನದಿಯ ನಿಯಮವನ್ನು ಮೀರಲಾರದು.

ಈ ಸಂಗತಿ ಬೆಳಕಿಗೆ ಬಂದುದು ಹೇಗೆ? ಕಾವೇರಿ ದಂಡೆಯ ಗಾಲಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಗಾಳಗಾರರು ಹಿಡಿದು ಮರಳಿ ಬಿಟ್ಟ ಮೀನುಗಳ ಲೆಕ್ಕದಿಂದ. ವಿನೋದಕ್ಕೆ ಬಂದವರ ದಫ್ತರವೇ ವಿಜ್ಞಾನಕ್ಕೆ ಸಾಕ್ಷಿಯಾಯಿತು.

ಆದುದರಿಂದ ತರುಣ ವಾಚಕರಲ್ಲಿ ನಮ್ಮ ವಿನಂತಿಯಿಷ್ಟು: ಕನಸನ್ನು ಬಿಡಬೇಡಿ, ಆದರೆ ಅದರ ಮೊದಲ ಪುಟವನ್ನು ಭೀಮೆಯ ದಂಡೆಯಲ್ಲಿ ಬರೆಯಿರಿ. ತಿಂಗಳಿಗೊಮ್ಮೆ, ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿಗೆ ನೀರಿನ ಉಷ್ಣತೆಯನ್ನು ಅಳೆಯಿರಿ. ದಂಡೆಯ ಕಲ್ಲೊಂದನ್ನು ಮಗುಚಿ, ಅಡಿಯಲ್ಲಿರುವ ಕೀಟಗಳನ್ನು ಎಣಿಸಿ, ಕಲ್ಲನ್ನು ಇದ್ದಂತೆಯೇ ಇಡಿರಿ. ಗಾಜಿನ ತೊಟ್ಟಿಯ ಪರಸ್ಥಳದ ಮೀನನ್ನು ಕರುಣೆಯಿಂದಲೂ ಹೊಳೆಗೆ ಬಿಡಬೇಡಿ. ತನ್ನ ನದಿಯ ಒಂದು ವರ್ಷದ ಲೆಕ್ಕವನ್ನು ಬಲ್ಲವನು ಯಾವ ದೇಶದ ಹೊಳೆಗೂ ಯೋಗ್ಯ ಅತಿಥಿಯಾಗಿ ಹೋಗಬಲ್ಲನು.