ಲ್ಯಾಪ್‌ಟಾಪ್ ಹಳತಾದರೆ ಸಾಕೇ, ಎಸೆಯಬೇಕೇ?

ಸಂಘದ ಸಹಾಯ ನಿಧಿಗೆ ಬರುವ ಅರ್ಜಿಗಳಲ್ಲಿ ಈಗೀಗ ಒಂದು ಬಗೆಯವು ಹೆಚ್ಚಾಗಿವೆ. ಊರಲ್ಲಿ ಮಗ ಡಿಪ್ಲೊಮಾಕ್ಕೆ ಸೇರಿದ್ದಾನೆ ಅಥವಾ ಮಗಳು ಬಿ.ಕಾಂ. ಓದುತ್ತಿದ್ದಾಳೆ, ಲ್ಯಾಪ್‌ಟಾಪ್ ಬೇಕು. ಮನೆಯಲ್ಲಿ ಒಂದು ಉಂಟು, ಆದರೆ ಅದು ಆನ್ ಆಗುವಷ್ಟರಲ್ಲಿ ಚಾ ಕುಡಿದು ಬರಬಹುದು. ಹಾಗಾಗಿ ಹೊಸತು ಕೊಡಿಸಿ ಎಂದು ಬೇಡಿಕೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ, ಮಕ್ಕಳ ಓದಿಗಿಂತ ದೊಡ್ಡ ಖರ್ಚು ನಮಗೆ ಯಾವುದು? ಆದರೆ ನಿಧಿಯ ಬಾಗಿಲು ತೆರೆಯುವ ಮೊದಲು, ಕಂತಿನ ಸಾಲಕ್ಕೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಸತ್ತಿರುವುದು ಲ್ಯಾಪ್‌ಟಾಪೋ, ಸುಸ್ತಾಗಿರುವುದು ಅದರ ಒಳಗಿನ ಡಿಸ್ಕ್ ಮಾತ್ರವೋ?

ಲೆಕ್ಕ ನೋಡಿ. ಮಲೇಷ್ಯಾದಲ್ಲಿ ಕನಿಷ್ಠ ವೇತನ 2025ರ ಫೆಬ್ರವರಿಯಿಂದ ತಿಂಗಳಿಗೆ 1,700 ರಿಂಗಿಟ್. ಅದರಲ್ಲಿ ರೂಮಿನ ಬಾಡಿಗೆ, ಊಟ, ಊರಿಗೆ ಕಳಿಸುವುದು, ಬರುವಾಗ ಮಾಡಿದ ಸಾಲದ ಕಂತು ಎಲ್ಲ ಆಗಬೇಕು. ಒಂದು ಒಳ್ಳೆಯ ಹೊಸ ಲ್ಯಾಪ್‌ಟಾಪ್‌ಗೆ ಆ ಇಡೀ ತಿಂಗಳ ಸಂಬಳ ಕೊಟ್ಟರೂ ಸಾಲದು. ಹಳತಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಖರ್ಚು ಅದರ ಒಂದು ಸಣ್ಣ ಪಾಲು. ಉಳಿದದ್ದು ಕಾಲೇಜಿನ ಫೀಸಿಗೆ ಆಗುತ್ತದೆ.

ಹಳೆಯ ಲ್ಯಾಪ್‌ಟಾಪ್ ಯಾಕೆ ನಿಧಾನ? ಹಾರ್ಡ್ ಡಿಸ್ಕ್ ಒಳಗೆ ಒಂದು ತಟ್ಟೆ ತಿರುಗುತ್ತಾ ಇರುತ್ತದೆ, ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ನಿಮಿಷಕ್ಕೆ 5,400 ಸುತ್ತು. ಒಂದು ಸಣ್ಣ ಕಡ್ಡಿ ಅದರ ಮೇಲೆ ಆಚೆ ಈಚೆ ಓಡಾಡಿ ಬೇಕಾದದ್ದನ್ನು ಹುಡುಕಬೇಕು. ಜೀನಸಿ ಅಂಗಡಿಯಲ್ಲಿ ಪ್ರತಿಯೊಂದು ಸಾಮಾನಿಗೂ ಹುಡುಗ ಏಣಿ ಹತ್ತಿ ಅಟ್ಟಕ್ಕೆ ಹೋಗಿ ಬಂದ ಹಾಗೆ. ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ, ಎಲ್ಲ ಚಿಪ್‌ನಲ್ಲಿ ಇರುತ್ತದೆ, ಕೈಗೆ ಎಟಕುವ ಕಪಾಟಿನ ಹಾಗೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಧಾರಣ ಸಾಟಾ ಎಸ್‌ಎಸ್‌ಡಿ 500 ಎಂಬಿಗೂ ಹೆಚ್ಚು ಓದುತ್ತದೆ. ಚೂರುಚೂರಾಗಿ ಹರಡಿದ ಫೈಲ್ ಹುಡುಕುವುದರಲ್ಲಂತೂ ವ್ಯತ್ಯಾಸ ನೂರು ಪಟ್ಟು ದಾಟುತ್ತದೆ. ಆನ್ ಆಗಲು ಕೆಲವು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಅರ್ಧ ನಿಮಿಷದ ಒಳಗೆ ಬರುವುದು ಇದರಿಂದಲೇ.

ನಾವು ದುಡಿಯುವ ಈ ದೇಶದ ಕಾರ್ಖಾನೆಗಳೇ ಇದಕ್ಕೆ ಸಾಕ್ಷಿ. ಹಾರ್ಡ್ ಡಿಸ್ಕ್‌ಗೆ ಬೇಡಿಕೆ ಇಳಿಯಿತೆಂದು ವೆಸ್ಟರ್ನ್ ಡಿಜಿಟಲ್ ಕಂಪನಿ ಪೆಟಾಲಿಂಗ್ ಜಾಯದ ತನ್ನ ಕಾರ್ಖಾನೆಯನ್ನು 2019ರ ಕೊನೆಗೆ ಮುಚ್ಚುವುದಾಗಿ 2018ರ ಜುಲೈಯಲ್ಲಿ ಹೇಳಿತು. ಅದೇ ಹೊತ್ತಿಗೆ ಪೆನಾಂಗ್‌ನಲ್ಲಿ ಅದರ ಎರಡನೆಯ ಎಸ್‌ಎಸ್‌ಡಿ ಘಟಕ ತಯಾರಾಗುತ್ತಿತ್ತು. ಒಂದು ವಸ್ತು ಹೋಗಿ ಇನ್ನೊಂದು ಬಂದಾಗ ಕೆಲಸವೂ ಊರು ಬದಲಿಸುತ್ತದೆ. ಕಾರ್ಮಿಕರಾದ ನಮಗೆ ಇದು ಬರೀ ಕಂಪ್ಯೂಟರ್ ಸುದ್ದಿ ಅಲ್ಲ.

ಹಾಗೆಂದು ಎಸ್‌ಎಸ್‌ಡಿ ಎಲ್ಲ ರೋಗಕ್ಕೂ ಮದ್ದಲ್ಲ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಬೇಕು, ಕೆಲವು ಮಾಡೆಲ್‌ಗಳಲ್ಲಿ ಅದು ಆಗುವುದಿಲ್ಲ. ಪ್ರೊಸೆಸರ್ ಹಳತಾಗಿಯೇ ಉಳಿಯುತ್ತದೆ. ದೊಡ್ಡ ತೊಡಕು ವಿಂಡೋಸ್‌ನದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಅದು ಇದ್ದರೆ ಎಸ್‌ಎಸ್‌ಡಿ ಹಾಕಿಸುವುದು ಕಣ್ಣು ಮುಚ್ಚಿ ಮಾಡಬಹುದಾದ ಖರ್ಚು. ಅದಕ್ಕಿಂತ ಹಳತಾದರೆ ಓದುವುದಕ್ಕೆ, ಬರೆಯುವುದಕ್ಕೆ, ಆನ್‌ಲೈನ್ ಪಾಠಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಸಾಕು, ಎರಡೂ ಉಚಿತ. ಆದರೆ ಕಾಮರ್ಸ್ ಮಕ್ಕಳಿಗೆ ಬೇಕಾದ ಟ್ಯಾಲಿ ವಿಂಡೋಸ್‌ನದ್ದು, ಅದನ್ನು ಮರೆಯಬೇಡಿ. ಭದ್ರತಾ ಅಪ್‌ಡೇಟ್ ಬಾರದ ವಿಂಡೋಸ್‌ನಲ್ಲಿ ಬ್ಯಾಂಕ್ ವ್ಯವಹಾರ ಬೇಡವೇ ಬೇಡ. ಬ್ಯಾಟರಿ ಉಬ್ಬಿದ್ದರೆ, ಮದರ್‌ಬೋರ್ಡ್ ಕೆಟ್ಟಿದ್ದರೆ, ಅಥವಾ ಎಲ್ಲ ಸೇರಿ ರಿಪೇರಿ ಖರ್ಚು ಹೊಸತರ ಬೆಲೆಯ ಕಾಲು ಭಾಗ ದಾಟಿದರೆ ನಿಲ್ಲಿಸಿ. ಆಗ ಹೊಸತಕ್ಕೆ ಅರ್ಜಿ ಹಾಕಿ, ಸಂಘ ನಿಮ್ಮ ಜೊತೆಗಿದೆ.

ಕೌಲಾಲಂಪುರದವರು ಬುಕಿತ್ ಬಿಂತಾಂಗ್‌ನ ಲೋ ಯಾಟ್ ಪ್ಲಾಜಾಕ್ಕೆ ಹೋಗುವವರೇ ಜಾಸ್ತಿ. ಎಲ್ಲಿಗೇ ಹೋಗಿ, ಮೊದಲ ಅಂಗಡಿಯಲ್ಲೇ ದುಡ್ಡು ಕೊಡಬೇಡಿ, ಮೂರು ಕಡೆ ಕೇಳಿ. ಎಐ ಕಂಪನಿಗಳ ಬೇಡಿಕೆಯಿಂದಾಗಿ ಮೆಮೊರಿ ಬೆಲೆ ಏರಿದೆ, ಹೋದ ವರ್ಷ ಸ್ನೇಹಿತ ಕೊಟ್ಟ ಬೆಲೆ ಈ ವರ್ಷ ಸಿಗಲಿಕ್ಕಿಲ್ಲ. ನಿಮ್ಮ ಲ್ಯಾಪ್‌ಟಾಪ್‌ಗೆ ಎರಡೂವರೆ ಇಂಚಿನದ್ದು ಬೇಕೋ, ಎಂ.2 ಬೇಕೋ, ಎಂ.2 ಆದರೆ ಸಾಟಾವೋ ಎನ್‌ವಿಎಂಇಯೋ ಎಂದು ಮಾಡೆಲ್ ನಂಬರ್ ತೋರಿಸಿ ಖಚಿತ ಮಾಡಿಕೊಳ್ಳಿ. ವಾರಂಟಿ ಬರೆದ ಬಿಲ್ ಕೇಳಿ ಪಡೆಯಿರಿ. ಕೆಲಸ ನಿಮ್ಮ ಕಣ್ಣೆದುರೇ ಆಗಲಿ. ಅದಕ್ಕೂ ಮೊದಲು ಫೋಟೋ, ಕಾಗದಪತ್ರಗಳ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ.

ಈಗ ಈ ಲೇಖನದ ಮುಖ್ಯ ಮಾತು. ಬಿಚ್ಚಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಮ್ಮವರ ಲ್ಯಾಪ್‌ಟಾಪ್‌ನಲ್ಲಿ ಏನೇನು ಇರುತ್ತದೆ ಎಂದು ಯೋಚಿಸಿ. ಪಾಸ್‌ಪೋರ್ಟ್‌ನ ಸ್ಕ್ಯಾನ್, ವರ್ಕ್ ಪರ್ಮಿಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಹೆಂಡತಿ ಮಕ್ಕಳ ಫೋಟೋ, ಎಷ್ಟೋ ಸಲ ರೂಮಿನ ಇನ್ನು ನಾಲ್ಕು ಜನರ ದಾಖಲೆಗಳು. ಡಿಲೀಟ್ ಒತ್ತಿದರೆ ಹಾರ್ಡ್ ಡಿಸ್ಕ್‌ನಿಂದ ಫೈಲ್ ಅಳಿಸಿ ಹೋಗುವುದಿಲ್ಲ, ಅದರ ವಿಳಾಸ ಮಾತ್ರ ಅಳಿಯುತ್ತದೆ. ಗೊತ್ತಿದ್ದವನು ಮತ್ತೆ ತೆಗೆಯಬಲ್ಲ. ಇನ್ನೊಬ್ಬರ ಪಾಸ್‌ಪೋರ್ಟ್ ಪ್ರತಿ ನಮ್ಮ ಕೈಯಲ್ಲಿ ಇದ್ದರೆ ಅದು ಅಮಾನತ್, ಅದಕ್ಕೆ ನಾವು ಉತ್ತರ ಹೇಳಬೇಕು. ಆ ಡಿಸ್ಕ್ ಸರಿಯಿದ್ದರೆ ಒಂದು ಯುಎಸ್‌ಬಿ ಕೇಸ್ ತೆಗೆದು ಅದರಲ್ಲಿ ಹಾಕಿಡಿ, ಬ್ಯಾಕಪ್ ಡಿಸ್ಕ್ ಆಯಿತು. ಇದು ಬೇಕು ಸಹ, ಯಾಕೆಂದರೆ ಎಸ್‌ಎಸ್‌ಡಿ ಕೆಟ್ಟರೆ ಮುನ್ಸೂಚನೆ ಕೊಡದೆ ಕೆಡಬಹುದು, ಒಳಗಿದ್ದದ್ದನ್ನು ತೆಗೆಯುವುದು ಇನ್ನೂ ಕಷ್ಟ. ಬೇಡವಾದರೆ ಕ್ವಿಕ್ ಅಲ್ಲ, ಪೂರ್ತಿ ಫಾರ್ಮ್ಯಾಟ್ ಮಾಡಿ. ಕೆಟ್ಟಿದ್ದರೆ ಒಡೆದು ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಡಿ, ಕಸದ ಬುಟ್ಟಿಗೆ ಬೇಡ.

ಸಂಘದ ಸಮಿತಿಗೂ ನಮ್ಮದೊಂದು ಸಲಹೆ ಉಂಟು. ಲ್ಯಾಪ್‌ಟಾಪ್ ಅರ್ಜಿ ಬಂದಾಗ ಮೊದಲು ಹಳತನ್ನು ತರಿಸಿ ಪರೀಕ್ಷಿಸಲಿ, ಸರಿಯಾಗುವುದಾದರೆ ಎಸ್‌ಎಸ್‌ಡಿಯ ಖರ್ಚು ಮಾತ್ರ ನಿಧಿಯಿಂದ ಹೋಗಲಿ. ಒಂದು ಹೊಸ ಲ್ಯಾಪ್‌ಟಾಪ್‌ನ ದುಡ್ಡಿನಲ್ಲಿ ಮೂರು ನಾಲ್ಕು ಮಕ್ಕಳಿಗೆ ಕೆಲಸ ಆಗುತ್ತದೆ. ರೂಮಿನ ಮೂಲೆಯಲ್ಲಿ ಧೂಳು ಹಿಡಿದವನ್ನು ಸದಸ್ಯರು ಸದಖ ಎಂದು ಕೊಡಲಿ, ಒಳಗಿನದ್ದನ್ನು ಅಳಿಸಿಯೇ ಕೊಡಲಿ. ರಜೆಗೆ ಹೋಗುವವರು ಕೊಂಡೊಯ್ಯಬಹುದು, 18 ತುಂಬಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್ ಮೇಲೆ ಭಾರತದ ಕಸ್ಟಮ್ಸ್ ಸುಂಕ ಇಲ್ಲ. ಬ್ಯಾಟರಿ ಇರುವ ಕಾರಣ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಇಸ್ರಾಫ್ ಬೇಡ ಎಂದು ನಾವು ಹೆಚ್ಚಾಗಿ ಹೇಳುವುದು ಮದುವೆಯ ಊಟದ ವಿಷಯದಲ್ಲಿ. ಸರಿಯಾಗುವ ವಸ್ತುವನ್ನು ಬಿಸಾಡಿ ಸಾಲ ಮಾಡಿ ಹೊಸತು ತರುವುದೂ ಅದೇ ಅಲ್ಲವೇ? ಈ ಶುಕ್ರವಾರ ಜುಮಾ ಮುಗಿಸಿ ರೂಮಿಗೆ ಬಂದ ಮೇಲೆ ಆ ಹಳೆಯ ಲ್ಯಾಪ್‌ಟಾಪನ್ನು ಒಮ್ಮೆ ಹೊರಗೆ ತೆಗೆಯಿರಿ. ಮಾಡೆಲ್ ನಂಬರ್ ಬರೆದು ನಮ್ಮ ಸಮಿತಿಗೆ ಕಳಿಸಿ. ಊರಲ್ಲಿ ಒಂದು ಮಗುವಿನ ಓದು ಅದರಿಂದ ಮುಂದೆ ಹೋಗಬಹುದು, ಇನ್ಶಾ ಅಲ್ಲಾಹ್.