ಕೋಳಿ ತಿನ್ನುವ ಕಾಳು

"ಕೋಳಿ ತಿನ್ನೋದನ್ನ ಮನುಷ್ಯರಿಗೆ ಇಕ್ತೀಯೇನವ್ವ?" ಎಂದು ನಮ್ಮ ಭಾವನವರು ತಟ್ಟೆಯನ್ನು ದೂರ ಸರಿಸಿದರು. ತಟ್ಟೆಯಲ್ಲಿದ್ದದ್ದು ಮೆಕ್ಕೆಜೋಳದ ರೊಟ್ಟಿ. ಒಳಗೆ ಅಲಸಂದೆ ಹೂರಣ, ಪಕ್ಕದಲ್ಲಿ ನಿಂಬೆಹುಳಿ ಹಿಂಡಿದ ಎಲೆಕೋಸಿನ ಕೋಸಂಬರಿ. ಇದೇ ಭಾವನವರು ಹಿಂದಿನ ವಾರ ಬೆಂಗಳೂರಿನಿಂದ ಬರುವಾಗ ಮೊಮ್ಮಗಳಿಗೆಂದು ಕಾರ್ನ್ ಫ್ಲೇಕ್ಸ್ ಡಬ್ಬಿ ತಂದಿದ್ದರು. ಅದೂ ಮೆಕ್ಕೆಜೋಳವೇ. ಡಬ್ಬಿಯ ಮೇಲೆ ಹುಂಜದ ಚಿತ್ರವೂ ಇತ್ತು. ಅದನ್ನು ಹಾಲಿಗೆ ಹಾಕಿ ತಿಂದರೆ ನಾಗರಿಕತೆ. ನಾನು ತಟ್ಟಿ ಕೊಟ್ಟರೆ ಕೋಳಿಮೇವು!

ಈ ಮಾತು ಅವರೊಬ್ಬರದಲ್ಲ. ಹೊಸದುರ್ಗ ತಾಲ್ಲೂಕಿನ ನಮ್ಮ ಶ್ರೀರಾಂಪುರದ ಕಡೆ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಧಾರವಾಡದ ಕಡೆಯವರಂತೂ ಇದನ್ನು ಗೋವಿನ ಜೋಳವೆಂದು ಕರೆದು, ಹೆಸರಿನಲ್ಲೇ ದನಕ್ಕೆ ಬರೆದುಕೊಟ್ಟಿದ್ದಾರೆ. ಬೆಳೆಯುವವರು ನಾವು, ಒಕ್ಕಿ ಒಣಗಿಸುವವರು ನಾವು. ಆಮೇಲೆ ಕಾಳು ಲಾರಿ ಹತ್ತುತ್ತದೆ. 1997ರವರೆಗೆ ನಮ್ಮದೇ ಜಿಲ್ಲೆಯಾಗಿದ್ದ ದಾವಣಗೆರೆಯ ಮಂಡಿಗೋ, ಅಲ್ಲಿಂದ ಕೋಳಿಮೇವಿನ ಮಿಲ್ಲಿಗೋ, ಸ್ಟಾರ್ಚ್ ಕಾರ್ಖಾನೆಗೋ, ಈಚೀಚೆಗೆ ಎಥನಾಲ್ ಘಟಕಕ್ಕೋ ಹೋಗುತ್ತದೆ. ಬೆಳೆದ ಮನೆಯ ಒಲೆಯ ಹತ್ತಿರಕ್ಕೆ ಮಾತ್ರ ಬರುವುದಿಲ್ಲ.

ಬರದಿದ್ದರೆ ಏನು ಗಂಟು ಹೋಯಿತು ಎನ್ನುವಿರಾ? ಹೋಯಿತು. ಮೊದಲು ಈ ಹೊಲಗಳಲ್ಲಿ ರಾಗಿ, ಸಾವೆ, ಹುರುಳಿ ಇದ್ದವು. ರಾಗಿಯ ನಡುವೆ ಅಕ್ಕಡಿ ಸಾಲು ಇರುತ್ತಿತ್ತು: ಅವರೆ, ತೊಗರಿ, ಅಲಸಂದೆ, ಅಂಚಿಗೊಂದಿಷ್ಟು ಹುಚ್ಚೆಳ್ಳು. ರಾಗಿಯ ಲೆಕ್ಕ ಗಂಡಸರದು, ಅಕ್ಕಡಿಯ ಲೆಕ್ಕ ಹೆಂಗಸರದು. ಯಾರೂ ಬರೆದುಕೊಟ್ಟ ಕಾನೂನಲ್ಲ, ಆದರೂ ನಡೆಯುತ್ತಿತ್ತು. ನಮ್ಮತ್ತೆ ಆ ಕಾಳನ್ನು ಬೂದಿ ಬೆರೆಸಿ ಗುಡಾಣದಲ್ಲಿಟ್ಟು ವರ್ಷವಿಡೀ ಸಾರು ಕಾಯಿಸುತ್ತಿದ್ದರು. ಮಿಕ್ಕಿದ್ದನ್ನು ಮಾರಿ ಬಳೆಯ ಕಾಸು ಮಾಡಿಕೊಳ್ಳುತ್ತಿದ್ದರು. ಹೈಬ್ರಿಡ್ ಮೆಕ್ಕೆಜೋಳ ಬಂದು ಹೊಲವೆಲ್ಲ ಅದೊಂದೇ ಆಯಿತು. ಕೈಗೆ ಒಟ್ಟಿಗೆ ದುಡ್ಡು ಬಂತು, ಸುಳ್ಳು ಹೇಳಲಾರೆ. ನಮ್ಮ ಮನೆಯ ಸೊಸೈಟಿ ಸಾಲ ತೀರಿದ್ದೂ ಅದರಿಂದಲೇ. ಆದರೆ ಅಂದಿನಿಂದ ನಾನು ತೊಗರಿಬೇಳೆಗೆ ಗಂಡನ ಮುಂದೆ ಕೈಚಾಚಿ ಅಂಗಡಿಗೆ ಹೋಗುತ್ತಿದ್ದೇನೆ.

ನನ್ನ ತಕರಾರು ಇಲ್ಲಿಂದ ಶುರು. ಈ ಕಾಳು ಅಮೆರಿಕ ಖಂಡದ್ದು. ಅಲ್ಲಿಂದ ಯೂರೋಪಿನವರು ಬೀಜ ತಂದರು. ಅದನ್ನು ಸಾವಿರಾರು ವರ್ಷ ಬೇಯಿಸಿ ಬಡಿಸಿದ ಹೆಂಗಸರನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಮೆಕ್ಸಿಕೊ, ಎಲ್ ಸಾಲ್ವಡಾರ್ ಕಡೆಯ ಹೆಂಗಸರು ಒಣಗಿದ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಸುಣ್ಣವಿಲ್ಲದೆ ಬೇಯಿಸಿದರೆ ಅದರಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ನಮ್ಮ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೀಜ ಒಯ್ದು ಸುಣ್ಣ ಮರೆತ ಯೂರೋಪಿನಲ್ಲಿ ಏನಾಯಿತು? ಮೆಕ್ಕೆಜೋಳವನ್ನೇ ನೆಚ್ಚಿಕೊಂಡ ಬಡವರ ಮೈಮೇಲೆ ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಕಪ್ಪಾಗಿ ಸುಲಿಯಿತು, ಭೇದಿಯಾಯಿತು, ಕೊನೆಗೆ ಬುದ್ಧಿ ಕೆಟ್ಟಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಈ ರೋಗವನ್ನು ಗುರುತಿಸಿದ; ಇಟಲಿಯವರು ಅದನ್ನು ಪೆಲಾಗ್ರ ಎಂದರು. ಅಂಟುರೋಗವೆಂದು ಹೆದರಿದ್ದ ಅಮೆರಿಕದವರಿಗೆ, ಇದು ಊಟದ ಕೊರತೆಯೆಂದು ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟದ್ದು 1915ರ ಹೊತ್ತಿಗೆ. ಅಡುಗೆಮನೆಯ ಒಂದು ಚಿಟಿಕೆ ಸುಣ್ಣವನ್ನು ಕೇಳಿ ತಿಳಿಯದ್ದಕ್ಕೆ ಎಷ್ಟು ಜೀವ ಹೋದವು! ಬರೀ ಬಿಳಿಜೋಳ ಉಂಡು ಬದುಕುತ್ತಿದ್ದ ನಮ್ಮ ದಖ್ಖನ್ನಿನ ಬಡವರಲ್ಲೂ ಇದೇ ರೋಗವಿದ್ದುದನ್ನು 1960ರ ಹೊತ್ತಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಅಭ್ಯಾಸ ಮಾಡಿದರು. ಕಾಳು, ಬೇಳೆ, ಹಾಲು ಜೊತೆಗಿದ್ದ ತಟ್ಟೆಗೆ ಆ ಹೆದರಿಕೆಯಿಲ್ಲ. ಅಕ್ಕಡಿ ಸಾಲಿನ ಬೆಲೆ ಈಗ ಗೊತ್ತಾಯಿತೆ?

ಈ ಸುಣ್ಣದ ಸಂಗತಿ ನನಗೆ ತಿಳಿದದ್ದು ಅಮೆರಿಕದಲ್ಲಿರುವ ತಂಗಿಯ ಮಗಳಿಂದ. ಅವಳ ಮನೆಯ ಹತ್ತಿರ ಎಲ್ ಸಾಲ್ವಡಾರಿನವರ ಹೋಟೆಲಿದೆಯಂತೆ. ಅಲ್ಲಿ ಪುಪುಸ ಎಂಬ ದಪ್ಪ ರೊಟ್ಟಿ: ಒಳಗೆ ಬೀನ್ಸ್ ಕಾಳಿನ ಹೂರಣ ಅಥವಾ ಚೀಸು, ಮೇಲೆ ಹುಳಿ ಹಿಡಿದ ಎಲೆಕೋಸು. 2005ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ತಿನಿಸೆಂದು ಸಾರಿ ಒಂದು ದಿನವನ್ನೂ ಮೀಸಲಿಟ್ಟಿದೆ. ಅವರು ನಮ್ಮ ಹಾಗೆ ನಾಚಿಕೊಳ್ಳುವುದಿಲ್ಲ.

"ದೊಡ್ಡಮ್ಮ, ಹೋಳಿಗೆ ಮಾಡೋರಿಗೆ ಇದೇನು ಕಷ್ಟ?" ಅಂದಳು. ಕಷ್ಟವಾಯಿತು. ಮಿಲ್ಲಿನ ಮೆಕ್ಕೆಜೋಳದ ಹಿಟ್ಟು ಕಲಸಿದರೆ ಅಂಟೇ ಇಲ್ಲ. ತಟ್ಟಿದರೆ ಬಿರುಕು, ಹೂರಣ ಹೆಂಚಿನ ಪಾಲು. ಸುಣ್ಣ ಹಾಕಿದ ಮೇಲೆ ಅದೇ ಕಾಳು ಕಣಕದ ಹಾಗೆ ಮಾತು ಕೇಳಿತು. ಒಂದು ಕಿಲೋ ಒಣ ಕಾಳಿಗೆ ಮೂರು ಲೀಟರ್ ನೀರು, ಎಲೆಅಡಿಕೆಗೆ ಹಚ್ಚುವ ಸುಣ್ಣ ಎರಡು ಚಮಚ, ಗೋಡೆಗೆ ಬಳಿಯುವುದಲ್ಲ. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಬಿತ್ತನೆ ಪೊಟ್ಟಣದ ಬಣ್ಣ ಬಳಿದ ಕಾಳು ವಿಷ, ಅದನ್ನು ಮುಟ್ಟಬೇಡಿ. ಬೂಷ್ಟು ಹಿಡಿದದ್ದೂ ಬೇಡ. ಮುಕ್ಕಾಲು ಗಂಟೆ ಬೆಂದು ಸಿಪ್ಪೆ ಬೆರಳಿಗೆ ಜಾರಿದರೆ ಇಳಿಸಿ ಮುಚ್ಚಿಡಿ. ಬೆಳಿಗ್ಗೆ ನಾಲ್ಕು ನೀರಿನಲ್ಲಿ ಉಜ್ಜಿ ತೊಳೆದು, ನೀರು ಚಿಮುಕಿಸಿದ ಹಾಗೆ ಮಾಡಿ ಗಟ್ಟಿಯಾಗಿ ರುಬ್ಬಿ. ತೆಳುವಾದರೆ ಒಂದು ಹಿಡಿ ರಾಗಿಹಿಟ್ಟು ಬೆರೆಸಿ, ಪಾಪವಿಲ್ಲ. ಬೆಂದ ಅಲಸಂದೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದರೆ ಹೂರಣ. ಒದ್ದೆ ಕೈಯಲ್ಲಿ ತುಂಬಿ, ಬಾಳೆಲೆಯ ಮೇಲೆ ತಟ್ಟಿ, ಹೆಂಚಿನ ಮೇಲೆ ನಿಧಾನವಾಗಿ ಎರಡೂ ಕಡೆ ಬೇಯಿಸಿ. ಕೋಸನ್ನು ಎಳೆಯೆಳೆಯಾಗಿ ಹೆಚ್ಚಿ, ಬಿಸಿನೀರು ಹೊಯ್ದು ಹಿಂಡಿ, ಕ್ಯಾರೆಟ್ಟು, ಈರುಳ್ಳಿ, ನಿಂಬೆರಸ, ಉಪ್ಪು ಬೆರೆಸಿ ಒಂದೆರಡು ಗಂಟೆ ಬಿಟ್ಟರೆ ರೊಟ್ಟಿಯ ಗಡಸು ತನ್ನಿಂದ ತಾನೇ ಮೆತ್ತಗಾದಂತಾಗುತ್ತದೆ.

ಪಂಜಾಬಿನವರು ಸುಣ್ಣವಿಲ್ಲದೆಯೇ ಮಕ್ಕೀ ರೊಟ್ಟಿ ತಿನ್ನುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ತಿನ್ನುತ್ತಾರೆ, ಜೊತೆಗೆ ಸಾಸಿವೆ ಸೊಪ್ಪು, ಬೆಣ್ಣೆ, ಮಜ್ಜಿಗೆ ಇರುತ್ತದೆ. ಬರೀ ರೊಟ್ಟಿಯಲ್ಲ.

ಮೆಕ್ಕೆಜೋಳದ ಬಗ್ಗೆ ರೈತರ ಸಭೆಯೊಂದು ನಡೆದಿತ್ತು. ಯಾವ ತಳಿ, ಎಷ್ಟು ಗೊಬ್ಬರ, 2018ರಲ್ಲಿ ಬಂದ ಸೈನಿಕ ಹುಳುವಿಗೆ ಏನು ಹೊಡೆಯಬೇಕು, ಎಲ್ಲ ಮಾತಾಯಿತು. ಎದುರಿನ ಕುರ್ಚಿಗಳೆಲ್ಲ ಗಂಡಸರವು. ನಾವು ಹಿಂದಿನ ಕೋಣೆಯಲ್ಲಿ ಅವರಿಗೆ ಉಪ್ಪಿಟ್ಟು ಕಲಕುತ್ತಿದ್ದೆವು. ಕೊನೆಯಲ್ಲಿ ಒಬ್ಬರು ನೆನಪಾದವರಂತೆ, "ಮಹಿಳೆಯರು ಮನೆಯಲ್ಲಿ ಕಾರ್ನ್ ಖಾದ್ಯಗಳನ್ನು ಕಲಿಯಬೇಕು" ಎಂದರು. ಹೊಲದಲ್ಲಿ ಏನು ಬಿತ್ತಬೇಕೆಂಬ ಮಾತಿಗೆ ನಾವು ಬೇಡ. ಬೆಳೆದದ್ದನ್ನು ಅಲಂಕರಿಸಲು ಬೇಕು.

ಆ ರಾತ್ರಿ ಮನೆಯಲ್ಲಿ ಕೇಳಿಯೇಬಿಟ್ಟೆ: ಬರುವ ಮುಂಗಾರಿಗೆ ಆರು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ಅಲಸಂದೆ ಹಾಕಿ. "ಅಟ್ರಾಜಿನ್ ಹೊಡೀತೀವಲ್ಲ, ಕಳೆ ಜೊತೆ ಅಲಸಂದೇನೂ ಸಾಯುತ್ತೆ" ಎಂದರು ನಮ್ಮವರು. ಮಾತು ನಿಜ. ಹೊಡೆಯದಿದ್ದರೆ ಬಗ್ಗಿ ಕಳೆ ಕೀಳಬೇಕಾದವರು ಯಾರು? ಅದೂ ನಾವೇ. ಸೊಂಟ ನೋವಿನವಳು ನಾನು, ಆದರೂ ಒಂದು ಎಕರೆಯ ಕಳೆ ನನ್ನದು ಎಂದೆ. ಆ ಕಾಳಿನ ಲೆಕ್ಕವೂ ನನ್ನದೇ ಎಂದೆ. ಭಾವನವರು ನಕ್ಕರು. ಅತ್ತೆ ಮಾತ್ರ ಮೂಲೆಯಲ್ಲಿ ಕೂತು ಎರಡನೇ ರೊಟ್ಟಿ ಮುರಿಯುತ್ತ, "ಸುಣ್ಣ ಒಂಚೂರು ಜಾಸ್ತಿಯಾಗೈತೆ ಕಣವ್ವ, ಇನ್ನೊಂದು ನೀರು ತೊಳಿ" ಎಂದರು.