ಅಟ್ಟದ ಪೆಟ್ಟಿಗೆಯ ದಳಪತಿ

ಸಿಂಗಾಪುರದ ನಮ್ಮ ಮನೆಯಲ್ಲಿ ಭಾನುವಾರಗಳಂದು ಮೊಮ್ಮಗನೂ ಅವನ ಗೆಳೆಯರೂ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುತ್ತಾರೆ. ದಾಳ ಉರುಳಿದಂತೆ ಕಥೆಯೂ ಹೊರಳುತ್ತದೆ. ಅದಕ್ಕೆ ವಿದೇಶದ ಪುಟ್ಟ ಗೊಂಬೆಗಳೇ ಬೇಕು, ಇಲ್ಲದಿದ್ದರೆ ಗೆಳೆಯರೆದುರು ಅವಮಾನವೆಂದು ಹುಡುಗ ಅತ್ತ. ಬೆಲೆ ಕೇಳಿ ಸೊಸೆ ಮೌನವಾದಳು.

ನಾನು ಅಟ್ಟದಿಂದ ದಸರಾ ಗೊಂಬೆಗಳ ಪೆಟ್ಟಿಗೆ ಇಳಿಸಿದೆ. ಚನ್ನಪಟ್ಟಣದ ಅರಗಿನ ಮೆರುಗಿನ ಸಿಪಾಯಿ ದಳಪತಿಯಾದ, ಬೆಂಕಿಪೊಟ್ಟಣಗಳು ಕೋಟೆಯಾದವು, ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಹಲ್ಲಿ ಘಟಸರ್ಪವಾಯಿತು. 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಕರ್ತೃಗಳಲ್ಲೊಬ್ಬರಾದ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಕೂಡ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ಕಂಡೇ ಕಬ್ಬಿಣ ತಿನ್ನುವ ವಿಚಿತ್ರ ಪ್ರಾಣಿಯನ್ನು ಕಲ್ಪಿಸಿದ್ದರು!

ಕಳೆದ ಭಾನುವಾರ ಗೆಳೆಯನೊಬ್ಬ ಆ ಸಿಪಾಯಿಯನ್ನು ಒಂದು ದಿನದ ಮಟ್ಟಿಗೆ ಕೇಳಿದ. ಮೊಮ್ಮಗ ಕೊಡಲೊಪ್ಪಲಿಲ್ಲ.